ಆಲ್ ರೈಟ್ ಮತ್ತು ನಮ್ಮ ಚಂದ್ರಿ

ಇಂಗ್ಲಿಷ್ ಭಾಷೆಯನ್ನು ನಾನು ಒಂದೇ ದಿನದಲ್ಲಿ ಕಲಿತುಬಿಟ್ಟೆ. ನಗಬೇಡಿ! ವರ್ಷಗಟ್ಟಲೆ ಗ್ರಾಮರು ಉರುಹೊಡೆದು, ಮೇಷ್ಟ್ರ ಬೆತ್ತಕ್ಕೆ ಅಂಗೈ ಒಡ್ಡಿ, ಕೊನೆಗೆ ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಬಂದು ಕುಳಿತವರು ನಮ್ಮ ಆದವಾನಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು, ಹತ್ತಿ ದಲಾಲಿ ಚನ್ನಬಸಯ್ಯ, ಬೆತ್ತದ ಏಟಿಲ್ಲದೆ, ಪುಸ್ತಕದ ಖರ್ಚಿಲ್ಲದೆ, ಬೆಳಗಿನ ಲಿಂಗಪೂಜೆಗೂ ಸಂಜೆಯ ಲಿಂಗಪೂಜೆಗೂ ನಡುವೆ ಇಡೀ ಭಾಷೆಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ!

ನನ್ನ ಗುರು ಒಬ್ಬ ಬಿಳಿ ಸಾಹೇಬ. ಮುಂಬಯಿಯ ಯಾವುದೋ ಕಂಪನಿಯ ಪರವಾಗಿ ಹತ್ತಿ ನೋಡಲು ಬಂದಿದ್ದ. ಅವನನ್ನು ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಊರು ಸುತ್ತಿಸಿ, ಮತ್ತೆ ಗಾಡಿ ಹತ್ತಿಸುವ ಕೆಲಸ ಪೇಟೆಯವರು ನನಗೆ ವಹಿಸಿದ್ದರು. ಅವನ ಹಿಂದೆ ಬೆಳಗಿನಿಂದ ಸಂಜೆಯವರೆಗೆ ಅಲೆದೆ. ಅಲೆದು ಒಂದು ಮಹಾ ಸತ್ಯವನ್ನು ಕಂಡುಕೊಂಡೆ. ಆ ಮನುಷ್ಯನಿಗೆ ಬರುತ್ತಿದ್ದದ್ದು ಒಂದೇ ಒಂದು ಮಾತು!

ರೈಲಿಳಿಯುವಾಗ ಕೂಲಿಯವನು ಅವನ ಕಾಲ ಮೇಲೆ ಪೆಟ್ಟಿಗೆ ಇಟ್ಟ. ಸಾಹೇಬ ಹಲ್ಲು ಕಚ್ಚಿಕೊಂಡು “ಆಲ್ ರೈಟ್” ಅಂದ. ಹೋಗಲಿ ಬಿಡು ಎಂದರ್ಥ. ಜಟಕಾದವನು ಬಾಡಿಗೆ ಹೆಚ್ಚಿಗೆ ಕೇಳಿ ಬೆನ್ನು ಬಿದ್ದ. “ಆಲ್ ರೈಟ್, ಆಲ್ ರೈಟ್!” ತಲೆ ತಿನ್ನಬೇಡ ಎಂದರ್ಥ. ಹತ್ತಿಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ಹತ್ತಿಯ ಎಳೆ ಹಿಂಜಿ ನೋಡಿ ಮೂಗು ಸ್ವಲ್ಪ ಸೊಟ್ಟ ಮಾಡಿ “ಆಲ್ ರೈಟ್” ಅಂದ. ಮಾಲು ಪರವಾಗಿಲ್ಲ! ವ್ಯಾಪಾರಿಗಳೆಲ್ಲ ಒಟ್ಟಿಗೆ ಗದ್ದಲ ಎಬ್ಬಿಸಿದಾಗ “ಆಲ್ ರೈಟ್!” ಎಂದು ಗುಡುಗಿದ. ಎಲ್ಲರ ಬಾಯಿ ಬಂದ್! ಮಧ್ಯಾಹ್ನ ಹತ್ತಿಕಾಳಿನ ರಾಶಿಯ ಮೇಲೆ ಕಾಲು ಜಾರಿ ಅಂಗಾತ ಬಿದ್ದ. ನಾವೆಲ್ಲ ಹಾಹಾಕಾರ ಮಾಡುತ್ತ ಓಡಿದರೆ, ಎದ್ದು ಚಡ್ಡಿ ಝಾಡಿಸಿಕೊಂಡು “ಆಲ್ ರೈಟ್” ಅಂದ. ಎಲುಬು ಮುರಿದಿಲ್ಲ ಎಂದರ್ಥ. ಸಂಜೆ ಗಾಡಿ ಹತ್ತುವ ಮುಂದೆ ನನ್ನ ಕೈ ಹಿಡಿದು ಬಾವಿಯ ರಾಟೆಯಂತೆ ಮೇಲೆ ಕೆಳಗೆ ಆಡಿಸಿ “ಆಲ್ ರೈಟ್?” ಅಂದ. ನಾನೂ ಧೈರ್ಯ ಮಾಡಿ “ಆಲ್ ರೈಟ್!” ಅಂದೆ. ಅಷ್ಟರಲ್ಲಿ ಗಾರ್ಡ್ ಹಸಿರು ಬಾವುಟ ಬೀಸಿ “ಆಲ್ ರೈಟ್” ಅಂದ ನೋಡಿ, ಅಷ್ಟು ದೊಡ್ಡ ರೈಲೇ ಹೊರಟುಬಿಟ್ಟಿತು!

ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ನಾನು ಪ್ರತಿಜ್ಞೆ ಮಾಡಿದೆ. ಒಂದು ಮಾತಿನ ಮೇಲೆ ಇವರು ಅರ್ಧ ಭೂಮಂಡಲ ಆಳುತ್ತಿರುವಾಗ, ಅದೇ ಮಾತಿನ ಮೇಲೆ ನಾನು ನನ್ನ ಮನೆಯೊಂದನ್ನು ಆಳಲಾರೆನೇ?

ಮನೆಗೆ ಬಂದೆ. ನನ್ನ ಹೆಂಡತಿ ಮಹಾಂತಮ್ಮ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹೊಳಗುಂದದ ಹೆಣ್ಣು. ಅವಳ ಕೈಯಲ್ಲಿ ರೊಟ್ಟಿಗೂ ನನಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

“ಮಹಾಂತೀ! ಇವತ್ತಿನಿಂದ ಈ ಮನಿ ರಾಜ್ಯಭಾರ ಇಂಗ್ಲಿಷಿನಾಗ!”

“ಮೊದ್ಲು ಕಾಲು ತೊಳಕೊಂಡು ಬರ್ರಿ. ರಾಜ್ಯಭಾರ ಆಮ್ಯಾಲ.”

ಕಾಲು ತೊಳೆದು ಬಂದು, ಸಾಹೇಬನ ದಿನಚರಿಯನ್ನೆಲ್ಲ ಅಭಿನಯ ಸಮೇತ ವರ್ಣಿಸಿದೆ. ಬೀಳುವ ಭಾಗವನ್ನು ಬಿದ್ದೇ ತೋರಿಸಿದೆ.

“ಒಂದ ಮಾತು! ಹೊರಳಿಸಿದ ಕಡಿಗೆ ಒಂದೊಂದು ಅರ್ಥ! ನಿಮ್ಮ ಕನ್ನಡದಾಗ ಐತೇನು ಇಂಥಾದ್ದು?” ಎಂದೆ, ನಾನೇನೋ ಲಂಡನ್ನಿನಲ್ಲೇ ಹುಟ್ಟಿದವನ ಹಾಗೆ.

ಮಹಾಂತಮ್ಮ ರೊಟ್ಟಿ ತಿರುವಿ ಹಾಕಿದಳು.

“ಯಾಕಿಲ್ಲ? ಮುಂಜಾನೆ ಎದ್ದು ಒಲಿ ಹಚ್ಚಿದೆ. ನಿಮ್ಮ ತಲಿಗೆ ಎಣ್ಣಿ ಹಚ್ಚಿದೆ. ಗ್ವಾಡಿಗೆ ಸುಣ್ಣ ಹಚ್ಚಾಕ ಆಳು ಹಚ್ಚಿದೆ. ನಿಮ್ಮ ತಂಗೀನ್ನ ಬಸ್ಸಿಗೆ ಹಚ್ಚಿ ಬಂದೆ. ಹೋಗೂ ಮುಂದ ಆಕಿ ಅಳಾಕ ಹಚ್ಚಿದ್ಲು. ಯಾರೋ ಆಕಿಗೆ ನನ್ನ ಮ್ಯಾಲ ಚಾಡಿ ಹಚ್ಚ್ಯಾರಂತ. ಈಗ ನೀವು ಬಂದು ನನಗ ಹುಚ್ಚು ಹಚ್ಚಾಕ ಹತ್ತೀರಿ. ಒಂದ ‘ಹಚ್ಚು’ ಇಡೀ ದಿನ ದಾಟಿಸ್ತು ನೋಡ್ರಿ. ರೊಟ್ಟಿಗೆ ಬೆಣ್ಣಿ ಹಚ್ಚಲೇನು?”

ಬೆಣ್ಣೆ ಹಚ್ಚು ಅಂದೆ. ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ.

“ಅದು ಅಡಿಗಿಮನಿ ಮಾತು. ಇದು ರಾಜರ ಮಾತು! ನಾಳೆ ಸಾಹೇಬ ನಮ್ಮ ಮನಿಗೆ ಬಂದ್ರ ನಿನಗ ಮಾತಾಡಾಕ ಬ್ಯಾಡೇನು? ಎಲ್ಲಿ, ಅನ್ನು. ಆಲ್ ರೈಟ್!”

“ಥೂ! ಮಂದಿ ಕೇಳಿದ್ರ ಏನಂದಾರು! ಮನಶ್ಯಾರ ಮುಂದ ಅನ್ನಾಕ ನನಗ ನಾಚಿಕಿ.”

“ಮನಶ್ಯಾರ ಮುಂದ ನಾಚಿಕಿ ಆದ್ರ ದನದ ಮುಂದ ಅನ್ನು!” ಎಂದು ಸಿಟ್ಟಿನಿಂದ ಕೂಗಿ ಎದ್ದೆ. ಈ ಮಾತನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನಂತೂ ಆ ಗಳಿಗೆಯಲ್ಲೇ ಮರೆತುಬಿಟ್ಟೆ.

ದನ ಎಂದರೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಚಂದ್ರಿ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಎಮ್ಮೆ. ಮಹಾಂತಮ್ಮನ ತವರಿನಿಂದ ಅವಳ ಹಿಂದೆಯೇ ಕರುವಾಗಿ ನಡೆದುಬಂದದ್ದು. ಅದಕ್ಕೆ ಹುಲ್ಲು ಹಾಕುವುದು, ಮೈ ತೊಳೆಯುವುದು, ಹಾಲು ಹಿಂಡುವುದು, ಅದರ ಕಿವಿಯಲ್ಲಿ ನನ್ನ ಮೇಲಿನ ದೂರುಗಳನ್ನು ಹೇಳುವುದು, ಎಲ್ಲವೂ ಅವಳೇ. ನಾನು ಕೊಟ್ಟಿಗೆಯ ಬಾಗಿಲಿಗೆ ಬಂದರೆ ಸಾಕು, ಚಂದ್ರಿ ಹಿಂಗಾಲು ಎತ್ತಿ ಸಿದ್ಧವಾಗುತ್ತಿದ್ದಳು. ದೂರುಗಳನ್ನೆಲ್ಲ ಪೂರ್ತಿ ನಂಬಿದ್ದಳು ಎಂದು ಕಾಣುತ್ತದೆ.

ಇತ್ತ ನಾನು ಪೇಟೆಯಲ್ಲಿ ಆಲ್ ರೈಟಿನ ದಿಗ್ವಿಜಯಕ್ಕೆ ಹೊರಟೆ. ಕ್ಷೌರದ ಎರ್ರಿಸ್ವಾಮಿ ಕತ್ತಿ ಮಸೆಯುತ್ತ “ಮೀಸಿ ತೆಗೀಲೇನ್ರಿ?” ಎಂದ. ಇದ್ದ ಹಾಗೇ ಇರಲಿ ಎಂಬ ಅರ್ಥದಲ್ಲಿ ಗಂಭೀರವಾಗಿ “ಆಲ್ ರೈಟ್” ಅಂದೆ. ಎಡಗಡೆಯದು ಹೋಯಿತು! ಬಲಗಡೆಯದನ್ನು ಒಂಟಿಯಾಗಿ ಇಟ್ಟುಕೊಂಡು ಏನು ಮಾಡಲಿ? ಅದನ್ನೂ ತೆಗೆಸಿದೆ. ನನ್ನ ಗುಮಾಸ್ತೆ ಗೋವಿಂದಪ್ಪ ರಜೆ ಕೇಳಿದಾಗ, ಹೋಗಿ ನೋಡು ನಿನ್ನ ಗತಿ ಏನಾಗುತ್ತದೆ ಎಂದು ಹೆದರಿಸುವ ಧಾಟಿಯಲ್ಲಿ “ಆಲ್ ರೈಟ್!” ಅಂದೆ. ಅವನು ಕೈಮುಗಿದು ಸಂತೋಷದಿಂದ ಅತ್ತೆಯ ಮನೆಗೆ ಹೋದವನು ಸುಗ್ಗಿ ಮುಗಿಯುವವರೆಗೆ ಬರಲೇ ಇಲ್ಲ. ಆದರೂ ಬಜಾರಿನಲ್ಲಿ ನನ್ನ ಹೆಸರು ಹಬ್ಬಿತು. “ಚನ್ನಬಸಯ್ಯಗ ಇಂಗ್ಲಿಷ್ ಬರತೈತಂತ!” ಎಂದು ಜನ ಬೆರಳು ಮಾಡಿ ತೋರಿಸತೊಡಗಿದರು. ನಾನೂ ಅಲ್ಲಗಳೆಯಲಿಲ್ಲ. ಅಲ್ಲಗಳೆಯದೆ ಇದ್ದದ್ದಷ್ಟೇ ಅಲ್ಲ, ನಾನೇ ಅಂಗಡಿ ಅಂಗಡಿಗೆ ಹೋಗಿ ಹೇಳಿಬಂದೆ.

ಮನೆಯಲ್ಲಿ ಮಾತ್ರ ಪ್ರಗತಿ ಕಾಣಲಿಲ್ಲ. ಮಹಾಂತಮ್ಮನ ಬಾಯಿಂದ ನನ್ನ ಮುಂದೆ ಒಂದು ಆಲ್ ರೈಟ್ ಉದುರಲಿಲ್ಲ. ಬೆಳಗಿನ ಹೊತ್ತು ಕೊಟ್ಟಿಗೆಯಿಂದ ಗುಣುಗುಣು ದನಿ ಕೇಳುತ್ತಿತ್ತು. ಎಂದಿನಂತೆ ನನ್ನ ಮೇಲಿನ ದೂರು ಇರಬೇಕೆಂದು ನಾನು ಅತ್ತ ಕಿವಿ ಕೊಡಲಿಲ್ಲ.

ಈಗ ನಮ್ಮ ಹತ್ತಿಪೇಟೆಯ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ನಾವು ಬಾಯಲ್ಲಿ ಬೆಲೆ ಆಡುವವರಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹಾಸಿಕೊಂಡು, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿಯುತ್ತೇವೆ. ಬೆರಳು ಒತ್ತಿದರೆ ಒಂದು ಬೆಲೆ, ಗೆಣ್ಣು ಹಿಸುಕಿದರೆ ಇನ್ನೊಂದು. ಅಂಗೈ ಗೀರಿದರೆ ಆಗುವುದಿಲ್ಲ ಎಂದು. ಮುಷ್ಟಿ ಮುಚ್ಚಿದರೆ ವ್ಯಾಪಾರ ಮುಗಿಯಿತು. ಸುತ್ತ ನಿಂತವರಿಗೆ ಗುಟ್ಟು ತಿಳಿಯಬಾರದೆಂದು ಬಾಯಿ ಅಷ್ಟು ಹೊತ್ತೂ ಮಳೆ, ಬೆಳೆ, ಬೀಗರ ಆರೋಗ್ಯ ಎಂದು ಹರಟುತ್ತಿರಬೇಕು. ಬಾಯಿ ಹೇಳಿದ್ದಕ್ಕೆ ಮೂರು ಕಾಸಿನ ಕಿಮ್ಮತ್ತಿಲ್ಲ. ವಲ್ಲಿಯ ಕೆಳಗೆ ಬೆರಳು ಹೇಳಿದ್ದೇ ವೇದ. ದನದ ಸಂತೆಯಲ್ಲೂ ಹೀಗೇ. ಅದಕ್ಕೆ ತಪ್ಪಿದ ದಲಾಲಿಯ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ. ಈ ಧರ್ಮವನ್ನು ಪೇಟೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಎತ್ತಿಹಿಡಿದವನು ನಾನೇ! ಎಷ್ಟು ಜನರ ಜಗಳದಲ್ಲಿ ಎದೆ ತಟ್ಟಿ ವಾದಿಸಿದ್ದೇನೋ!

ಒಂದು ದಿನ ಮಧ್ಯಾಹ್ನ ಮಹಾಂತಮ್ಮ ಪಕ್ಕದ ಬೀದಿಯ ಶಾಂತಕ್ಕನ ಮನೆಗೆ ಸಂಡಿಗೆ ಹಾಕಿಸಲು ಹೋಗಿದ್ದಳು. ಆಲೂರಿನ ದನದ ವ್ಯಾಪಾರಿ ಉರುಕುಂದಪ್ಪ ತಲೆಯ ಮೇಲೆ ಖಾದಿ ಟೋಪಿ ಇಟ್ಟುಕೊಂಡು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ. ನೀರು ಕುಡಿದ. ಕಣ್ಣು ಮಾತ್ರ ಕೊಟ್ಟಿಗೆಯ ಕಡೆಗೇ ಇತ್ತು.

“ಆ ಎಮ್ಮಿ ಕೊಡ್ರಿ ನಮಗ.”

“ಆಕಿ ತವರುಮನಿ ಎಮ್ಮಿ ಅದು. ಕೊಡಂಗಿಲ್ಲ.”

“ಛಲೋ ರೇಟು ಕೊಡ್ತೀನಿ.”

“ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ!”

ಇಷ್ಟು ಸ್ಪಷ್ಟವಾಗಿ ಹೇಳಿದೆ. ಇದಕ್ಕೆ ಆ ಶಿವನೇ ಸಾಕ್ಷಿ. ಉರುಕುಂದಪ್ಪ ಹೊರಡಲು ಎದ್ದ. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಮನೆಯ ಮಜ್ಜಿಗೆ ಉಳಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಸಾಹೇಬ ಕುಳಿತಿದ್ದನಲ್ಲ! ಹಳ್ಳಿಯವನಿಗೆ ಸ್ವಲ್ಪ ದೊಡ್ಡವರ ರೀತಿ ತೋರಿಸೋಣ ಎನ್ನಿಸಿತು. ಮುಂದೆ ಬಾಗಿ ಕೈ ಚಾಚಿ ಅವನ ಕೈ ಹಿಡಿದು ಮೇಲೆ ಕೆಳಗೆ ಆಡಿಸಿದೆ. ಬಾಗಿದ ರಭಸಕ್ಕೆ ನನ್ನ ಹೆಗಲ ವಲ್ಲಿ ಜಾರಿ ಇಬ್ಬರ ಕೈಗಳ ಮೇಲೂ ಬಿತ್ತು.

ಬಿತ್ತು ನೋಡಿ, ನನ್ನ ಬಲಗೈ ಎಚ್ಚರವಾಯಿತು! ಹುಟ್ಟಿದಾಗಿನಿಂದ ವಲ್ಲಿಯ ಕೆಳಗೆ ಬದುಕಿದ ಕೈ ಅದು. ಉರುಕುಂದಪ್ಪ ಬೆರಳು ಒತ್ತಿದ. ನನ್ನ ಬೆರಳು ನನ್ನನ್ನು ಕೇಳದೆ ಅವನ ಅಂಗೈ ಗೀರಿತು.

“ಈ ಸಲ ಮಳಿ ಹೆಂಗ ನಿಮ್ಮ ಕಡಿ?” ಎಂದ ಅವನು.

“ಆಡಿಸಿ ಕೊಲ್ಲಾಕ ಹತ್ತೈತಿ ನೋಡ್ರಿ,” ಎಂದೆ ನಾನು. ಕೈ ಅವನ ಗೆಣ್ಣು ಹಿಸುಕಿತು.

“ಸೇಂಗಾ ಬಿತ್ತೀರೇನು?” ಅವನು ಮತ್ತೊಂದು ಬೆರಳು ಸೇರಿಸಿದ.

“ಬಿತ್ತಿದ್ರ ಹಂದಿ ಬಿಡಬೇಕಲ್ಲ!” ನನ್ನ ಕೈ ಇನ್ನೊಂದು ಗೆಣ್ಣು ಮೇಲೇರಿತು.

ಬಾಯಿ ನನ್ನ ಹತ್ತಿರ ಇತ್ತು, ಕೈ ಪೇಟೆಗೆ ಹೋಗಿತ್ತು. ಕೊನೆಗೆ ಉರುಕುಂದಪ್ಪ ಮುಷ್ಟಿ ಮುಚ್ಚಿದ. ಕುಲುಕಾಟ ಮುಗಿಯಿತೆಂದುಕೊಂಡು ನಾನು ಸಾಹೇಬನಂತೆ ಎದೆ ಉಬ್ಬಿಸಿ “ಆಲ್ ರೈಟ್!” ಅಂದೆ.

“ಬೇರಂ ಅಯಿಪೋಯಿಂದಿ!” ವ್ಯಾಪಾರ ಮುಗಿದೇ ಹೋಯಿತೆಂದು ಖುಷಿಯಲ್ಲಿ ಅವನ ಬಾಯಿಗೆ ತೆಲುಗೇ ಬಂದುಬಿಟ್ಟಿತು. ಸೊಂಟದ ಚೀಲ ಬಿಚ್ಚಿ ಕಟ್ಟೆಯ ಮೇಲೆ ಹಣ ಇಟ್ಟು ನೆಟ್ಟಗೆ ಕೊಟ್ಟಿಗೆಗೆ ನಡೆದ. ಅವನು ಹಗ್ಗ ಬಿಚ್ಚಿದಾಗಲೇ ನನಗೆ ಗೊತ್ತಾದದ್ದು, ನಾನು ಏನು ಮಾರಿದ್ದೇನೆ ಎಂದು!

“ಅಲ್ರೀ ಉರುಕುಂದಪ್ಪಾ! ನಾ ಕೊಡಂಗಿಲ್ಲ ಅಂದೆನಲ್ರೀ!”

“ಬಾಯಾಗ ಅಂದ್ರಿ. ಬಾಯಿಗೆ ಏನ್ ಕಿಮ್ಮತ್ತು? ಪೇಟ್ಯಾಗ ನೀವ ಹೇಳ್ತೀರಲ್ರಿ!”

ನನ್ನ ವೇದ ನನ್ನ ಕುತ್ತಿಗೆಗೇ ಬಂತು. ಚಂದ್ರಿ ತಿರುತಿರುಗಿ ನೋಡುತ್ತ ಬೀದಿಯ ತಿರುವಿನಲ್ಲಿ ಮರೆಯಾದಳು. ಬೆಲೆ ಮಾತ್ರ ಭಾರಿ ಒಳ್ಳೆಯದು ಗಿಟ್ಟಿತ್ತು. ನನ್ನ ಕೈಯ ಬಗ್ಗೆ ಆ ದುಃಖದಲ್ಲೂ ಸ್ವಲ್ಪ ಹೆಮ್ಮೆಯಾಯಿತು.

ಮಹಾಂತಮ್ಮ ಬಂದಳು. ಖಾಲಿ ಗೂಟ ನೋಡಿದಳು. ಕಟ್ಟೆಯ ಮೇಲಿನ ಹಣ ನೋಡಿದಳು. ನನ್ನನ್ನು ನೋಡಿದಳು.

“ಮಾರಿದ್ರಿ?”

“ನಾ ಅಲ್ಲ ಮಹಾಂತೀ, ಕೈ ಮಾರಿತು.”

“ಹಂಗಾರ ಇನ್ಮ್ಯಾಲ ಊಟಾನೂ ಆ ಕೈಗೇ ಹಾಕ್ತೀನಿ. ನೀವು ಉಪವಾಸ ಇರ್ರಿ!”

“ಬೈಯ್ಯೋದಿದ್ರ ಬೈ. ಆದ್ರ ದಲಾಲಿ ಕೊಟ್ಟ ಮಾತು...”

“ನಿಮ್ಮ ಮಾತು ನಿಮಗ ಇರ್ಲಿ! ಆಕಿ ಬರೋತನಕ ಈ ಮನ್ಯಾಗ ಹಾಲು, ಮಸರು, ಮಜ್ಜಿಗಿ, ಬೆಣ್ಣಿ, ಮಾತು, ಐದೂ ಬಂದ್.”

ಅಂದದ್ದನ್ನು ನಡೆಸಿದಳು. ಒಣ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು, ಅದರ ಮೇಲೆ ಏನನ್ನೂ ‘ಹಚ್ಚುವ’ ಪ್ರಶ್ನೆ ಬರಲಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೆಳಗಾದರೆ ಅಭ್ಯಾಸ ಬಲದಿಂದ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋಗಿ, ಖಾಲಿ ಗೂಟ ನೋಡಿ, ಖಾಲಿ ತಂಬಿಗೆ ಹಿಡಿದು ತಿರುಗಿ ಬರುತ್ತಿದ್ದಳು. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಎಮ್ಮೆ ತಿರುಗಿ ಬರಬೇಕು. ಆದರೆ ನಾನು ಕೇಳುವ ಹಾಗಿಲ್ಲ. ಕೇಳಿದರೆ ಮಾತಿಗೆ ತಪ್ಪಿದಂತೆ. ಮಾತಿಗೆ ತಪ್ಪಿದರೆ ದಲಾಲಿ ಕಸುಬೇ ಹೋದಂತೆ.

ಹೀಗೆ ಒಣ ರೊಟ್ಟಿ ಕಡಿಯುತ್ತಿರುವಾಗಲೇ ಉರುಕುಂದಪ್ಪ ತಾನಾಗಿ ಊರಿಗೆ ಬಂದ. ಒಂದು ಕೈಯಲ್ಲಿ ಚಂದ್ರಿಯ ಹಗ್ಗ, ಇನ್ನೊಂದರಲ್ಲಿ ಜಜ್ಜಿಹೋದ ತಂಬಿಗೆ. ಕುಂಟುತ್ತಿದ್ದ. ನಮ್ಮ ಮನೆಗೆ ಬರಲಿಲ್ಲ, ನೇರ ಪೇಟೆಗೆ ಹೋದ. ಪೇಟೆಯ ಬೇವಿನ ಮರದ ಕೆಳಗೆ, ಹತ್ತಿಯ ಮೂಟೆಯ ಮೇಲೆ ಕುಳಿತು ವ್ಯಾಪಾರದ ಜಗಳಗಳನ್ನು ತೀರ್ಮಾನಿಸುವ ಹಿರಿಯ ಭೀಮಲಿಂಗಪ್ಪನವರ ಮುಂದೆ ಎಮ್ಮೆಯನ್ನು ನಿಲ್ಲಿಸಿ ಗೋಳಾಡಿದ. ನನಗೆ ಕರೆ ಬಂತು.

“ಮೋಸ ರೀ, ಶುದ್ಧ ಮೋಸ! ಈ ಎಮ್ಮಿ ಒಂದು ಹನಿ ಹಾಲು ಕೊಡವಲ್ದು. ನನಗ ಒದೀತು. ನನ್ನ ಹೆಂಡ್ತಿಗೆ ಒದೀತು. ನೋಡಾಕ ಬಂದ ಮಂದಿಗೂ ಒದೀತು! ದೋಷ ಮುಚ್ಚಿಟ್ಟು ಮಾರ್‍ಯಾನ ಚನ್ನಬಸಯ್ಯ!”

ದನ ಮಾರುವವನು ಅದರ ಸುಳಿ, ಚಾಳಿ, ದೋಷ ಎಲ್ಲವನ್ನೂ ಮೊದಲೇ ಹೇಳಬೇಕು. ಮುಚ್ಚಿಟ್ಟದ್ದು ಹೊರಬಿದ್ದರೆ ವ್ಯಾಪಾರ ಮುರಿಯುತ್ತದೆ, ಮಾರಿದವನು ಮೋಸಗಾರನಾಗುತ್ತಾನೆ. ನನ್ನ ಫಜೀತಿ ನೋಡಿ! ದೋಷ ಇತ್ತು ಎಂದರೆ ಎಮ್ಮೆ ಮನೆಗೆ ಬರುತ್ತದೆ, ಮಾನ ಹೋಗುತ್ತದೆ. ದೋಷ ಇಲ್ಲ ಎಂದರೆ ಮಾನ ಉಳಿಯುತ್ತದೆ, ಎಮ್ಮೆ ಆಲೂರಿಗೆ ಹೋಗುತ್ತದೆ. ಎಮ್ಮೆಯ ಹಿಂದೆ ಮಹಾಂತಮ್ಮನೂ ತವರಿಗೆ, ಹೊಳಗುಂದಕ್ಕೆ ಹೋಗುತ್ತಾಳೆ!

“ಹಾಲು ಹಿಂಡತಿದ್ದಾಕಿನ್ನ ಕರೀರಿ,” ಎಂದರು ಭೀಮಲಿಂಗಪ್ಪ.

ಮಹಾಂತಮ್ಮ ತಲೆ ತುಂಬ ಸೆರಗು ಹೊದ್ದು ಬಂದಳು. ಅವಳನ್ನು ಕಂಡದ್ದೇ ಚಂದ್ರಿ ಕೂಗಿದ ಕೂಗು ರೈಲ್ವೆ ಸ್ಟೇಷನ್ನಿಗೆ ಕೇಳಿಸಿರಬೇಕು.

“ಎಮ್ಮಿಗೆ ಏನರ ದೋಷ ಐತೇನವ್ವಾ?”

“ಇಲ್ರಿ. ಬಂಗಾರದಂಥಾಕಿ. ಹಿಂಡೂ ಮುಂದ ಒಂದು ಮಾತು ಹೇಳ್ಬೇಕ್ರಿ, ಅಷ್ಟ. ಕೇಳದಿದ್ರ ಸೊರೆ ಬಿಡಂಗಿಲ್ಲ, ಹಾಲು ಇಳಸಂಗಿಲ್ಲ.”

“ಯಾವ ಮಾತು?”

ಮಹಾಂತಮ್ಮ ಸೆರಗಿನೊಳಗೇ ಕೆಂಪಾದಳು. “ನಮ್ಮನಿಯವರು ಕಲಿಸಿದ್ದು. ಮನಶ್ಯಾರ ಮುಂದ ನಾಚಿಕಿ ಆದ್ರ ದನದ ಮುಂದ ಅನ್ನು ಅಂದಿದ್ರು. ಅದಕ್ಕ ದಿನಾ ಹಾಲು ಹಿಂಡುವಾಗ ಆಕಿ ಮುಂದ ಅಂತಿದ್ದೆ. ಆಕಿಗೂ ಅದ ರೂಢಿ ಆತ್ರಿ.”

ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. “ಆಲ್ ರೈಟ್!” ಎಂದು ಕೂಗಿಬಿಟ್ಟೆ. “ಅದು ಇಂಗ್ಲಿಷ್ ರೀ! ನಾ ಕಲಿಸಿದ ಇಂಗ್ಲಿಷ್! ಕೊಡ್ರಿ ಇಲ್ಲಿ ತಂಬಿಗಿ. ನಾ ತೋರಸ್ತೀನಿ!”

ಪೇಟೆಗೆ ಪೇಟೆಯೇ ನೆರೆಯಿತು. ಗಾಡಿಯವರು ಎತ್ತು ಬಿಟ್ಟು ಬಂದರು. ಹತ್ತಿ ತುಂಬುವ ಕೂಲಿಗಳು ಚೀಲಗಳ ಮೇಲೆ ಏರಿ ನಿಂತರು. ನಾನು ಧೋತರ ಎತ್ತಿ ಕಟ್ಟಿ, ಚಂದ್ರಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ಮೊದಲು ಗಾರ್ಡಿನ ಆಲ್ ರೈಟ್ ಅಂದೆ. ಚಂದ್ರಿ ತಿರುಗಿ ನೋಡಿದಳು. ಹತ್ತಿಯ ಎಳೆ ಹಿಂಜುವ ಸಾಹೇಬನ ಆಲ್ ರೈಟ್ ಅಂದೆ. ಬಾಲದಿಂದ ಮುಖಕ್ಕೆ ಒಂದು ಬಾರಿಸಿದಳು. ಹೋಗಲಿ ಬಿಡು ಎನ್ನುವ ಆಲ್ ರೈಟ್, ಹೋಗಿಬರಲೇ ಎನ್ನುವ ಆಲ್ ರೈಟ್, ಎಲ್ಲವನ್ನೂ ಖಾಲಿ ಮಾಡಿದೆ. ಕೊನೆಗೆ ರೇಗಿ, ವ್ಯಾಪಾರಿಗಳ ಬಾಯಿ ಮುಚ್ಚಿಸಿದ ಆ ಗುಡುಗಿನ “ಆಲ್ ರೈಟ್!” ಅಂದೆ.

ತಂಬಿಗೆ ಭೀಮಲಿಂಗಪ್ಪನವರ ಪಾದದ ಹತ್ತಿರ ಹೋಗಿ ಬಿತ್ತು. ನಾನು ಅದಕ್ಕಿಂತ ಸ್ವಲ್ಪ ಈಚೆ ಬಿದ್ದೆ. ಈ ಸಲ ಎದ್ದು ಆಲ್ ರೈಟ್ ಅನ್ನಲು ಬಾಯಿ ಬರಲಿಲ್ಲ. ಸೊಂಟ ಹಿಡಿದಿತ್ತು.

ಮಹಾಂತಮ್ಮ ತಂಬಿಗೆ ಎತ್ತಿಕೊಂಡಳು. ಚಂದ್ರಿಯ ಹೊಟ್ಟೆಗೆ ಹಣೆ ಆನಿಸಿ ಕುಳಿತು, ಮೈ ಸವರುತ್ತ, ನಮಗೆಲ್ಲ ಕೇಳಿಸುವುದನ್ನೂ ಮರೆತು ಅಂದಳು:

“ಆಲ್ ರೈಟವ್ವಾ... ಆಲ್ ರೈಟ್ ನನ್ನ ತಾಯಿ... ಏನಾಗಿಲ್ಲ, ನಾ ಬಂದೀನಲ್ಲ... ಆಲ್ ರೈಟ್, ಆಲ್ ರೈಟ್...”

ಜುಳ್ ಎಂದು ಹಾಲು ತಂಬಿಗೆಯ ತಳಕ್ಕೆ ಬಡಿಯಿತು. ನೋಡನೋಡುತ್ತ ನೊರೆ ಕಂಠದವರೆಗೆ ಏರಿತು. ನನ್ನ ಹತ್ತಿರ ಅಷ್ಟೊಂದು ಆಲ್ ರೈಟುಗಳಿದ್ದವು. ಎಲ್ಲ ಬಾಯಿ ಮುಚ್ಚಿಸುವವು, ಕೈ ತೊಳೆದುಕೊಳ್ಳುವವು, ಗಾಡಿ ಹೊರಡಿಸುವವು. ಇಂಥದೊಂದು ಅದರಲ್ಲಿ ಇರಲಿಲ್ಲ. ಅವಳು ತಂಬಿಗೆ ಹಿಡಿದು ಖಾಲಿ ಗೂಟದ ಮುಂದೆ ನಿಂತಿದ್ದಾಗ ನಾನು ಹೋಗಿ ಅನ್ನಬೇಕಾಗಿದ್ದದ್ದು ಇದನ್ನೇ ಎಂದು ಹೊಳೆದು ನಾಚಿಕೆಯಾಯಿತು.

ಉರುಕುಂದಪ್ಪ ತಲೆಯ ಮೇಲಿನ ಖಾದಿ ಟೋಪಿ ತೆಗೆದು ಹಣೆ ಚಚ್ಚಿಕೊಂಡ.

“ಅಯ್ಯೋ ಸ್ವಾಮೀ! ನನಗ ಕನ್ನಡ ಬರತೈತಿ, ತೆಲುಗು ಬರತೈತಿ. ಈ ಇಂಗ್ಲಿಷ್ ಎಮ್ಮಿ ಕಟಗೊಂಡು ನಾ ಏನ್ ಮಾಡ್ಲಿ? ಅಲ್ಲದ ಸ್ವರಾಜ್ಯ ಬರೂ ಹೊತ್ತಿನಾಗ ಮುಂಜಾನಿ ಎದ್ದು ಎಮ್ಮಿ ಮುಂದ ಇಂಗ್ಲಿಷ್ ಮಾತಾಡ್ಲೇನು? ನಮ್ಮ ಕಾಂಗ್ರೆಸ್ಸಿನ ಮಂದಿ ನೋಡಿದ್ರ ಏನಂದಾರು!”

ಭೀಮಲಿಂಗಪ್ಪನವರು ಗಡ್ಡ ನೀವುತ್ತ ನನ್ನ ಕಡೆ ತಿರುಗಿದರು.

“ಚನ್ನಬಸಯ್ಯಾ, ಎಮ್ಮಿಗೆ ಇಂಗ್ಲಿಷ್ ಬರತೈತಿ ಅನ್ನೋದು ಕೊಳ್ಳಾವಗ ಹೇಳಬೇಕಾದ ಸಂಗ್ತಿ. ನೀ ಹೇಳಿಲ್ಲ. ವ್ಯಾಪಾರ ಅಂತೂ ಮುರೀತು. ಉಳಿದಿದ್ದು ನಿನ್ನ ಮಾನದ ಪ್ರಶ್ನೆ. ನಿನಗ ಗೊತ್ತಿದ್ದೂ ಮುಚ್ಚಿಟ್ಟೆಯೋ, ಗೊತ್ತಿರಲಿಲ್ಲೋ?”

“ಗೊತ್ತಿರಲಿಲ್ರೀ! ನನ್ನ ಲಿಂಗದ ಆಣಿ!”

“ಅದನ್ನ ನಂಬೋದು ಹೆಂಗ? ನಿನ್ನ ಮನ್ಯಾಗ, ನಿನ್ನ ಕಿವಿ ಹಂತೇಲಿ, ದಿನಾ ಮುಂಜಾನಿ ಎಮ್ಮಿ ಕೂಡ ಇಂಗ್ಲಿಷ್ ನಡದೈತಿ. ನೀ ನೋಡಿದ್ರ ಇಂಗ್ಲಿಷ್ ಬರತೈತಂತ ಬಜಾರೆಲ್ಲ ಡಂಗುರ ಹೊಡದೀದಿ. ಇಂಗ್ಲಿಷ್ ಬರಾವಗ ಅದು ತಿಳೀದ ಇರ್ತೈತೇನು? ತಿಳಿದಿತ್ತು ಅಂದ್ರ ನೀ ಮೋಸಗಾರ. ಇಂಗ್ಲಿಷ್ ಬರಂಗಿಲ್ಲ ಅಂದ್ರ ನೀ ಸಾಚಾ. ಮಂದಿ ಮುಂದ ಹೇಳು. ಬರತೈತೋ, ಬರಂಗಿಲ್ಲೋ?”

ಸುತ್ತ ನೋಡಿದೆ. ನನ್ನ ಇಂಗ್ಲಿಷಿನ ಕೀರ್ತಿಯನ್ನು ನಾನೇ ಮನೆಮನೆಗೆ ಹಂಚಿ ಬಂದಿದ್ದ ಎಲ್ಲ ಅಂಗಡಿಯವರೂ ಅಲ್ಲಿದ್ದರು. ಎರ್ರಿಸ್ವಾಮಿ ಕತ್ತಿಯ ಚೀಲ ಹಿಡಿದು ಮುಂದಿನ ಸಾಲಿನಲ್ಲೇ ನಿಂತು ನನ್ನ ಮೀಸೆಯಿಲ್ಲದ ತುಟಿಯನ್ನು ನೋಡುತ್ತಿದ್ದ. ಮಹಾಂತಮ್ಮ ಹಾಲಿನ ತಂಬಿಗೆ ಹಿಡಿದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುವೋ ನಗುವೋ ತಿಳಿಯಲಿಲ್ಲ.

“ಬರಂಗಿಲ್ರಿ,” ಎಂದೆ.

“ಗಟ್ಟಿಯಾಗಿ ಹೇಳು. ಹಿಂದಿನವರಿಗೆ ಕೇಳವಲ್ದು.”

“ನನಗ ಇಂಗ್ಲಿಷ್ ಬರಂಗಿಲ್ಲ!”

“ಆತು,” ಎಂದರು ಭೀಮಲಿಂಗಪ್ಪ. “ಎಲ್ಲಾರೂ ಕೇಳ್ರಿ. ಎಮ್ಮಿಗೆ ಇಂಗ್ಲಿಷ್ ಬರತೈತಿ, ಚನ್ನಬಸಯ್ಯಗ ಬರಂಗಿಲ್ಲ. ಅವನ ಕೈ ಯಾರು ಬೇಕಾದ್ರೂ ಹಿಡೀಬಹುದು. ಇದು ಫೈಸಲ್ಲು.”

ಉರುಕುಂದಪ್ಪ ಹಣ ತಿರುಗಿ ಪಡೆದು, ಇನ್ನು ಮೇಲೆ ಯಾವ ದನವನ್ನು ಕೊಳ್ಳುವಾಗಲೂ ಮೊದಲು ಅದರ ಭಾಷೆ ಕೇಳುವುದಾಗಿ ಆಣೆ ಮಾಡಿ, ಕುಂಟುತ್ತ ಹೋದ.

ನಾವು ಮನೆಯ ಕಡೆ ಹೊರಟೆವು. ಮಹಾಂತಮ್ಮ ಮುಂದೆ, ಅವಳ ಹಿಂದೆ ಚಂದ್ರಿ, ಚಂದ್ರಿಯ ಕಾಲಿಗೆ ಸಿಗದಷ್ಟು ದೂರದಲ್ಲಿ ಸೊಂಟ ಹಿಡಿದುಕೊಂಡ ನಾನು. ಪೇಟೆಯ ನಗು ಬೆನ್ನ ಹಿಂದೆ ಇನ್ನೂ ಕೇಳುತ್ತಿತ್ತು. ನನ್ನ ತಲೆ ಮೇಲೇಳಲಿಲ್ಲ. ಬೀದಿಯ ತಿರುವಿನಲ್ಲಿ ಮಹಾಂತಮ್ಮ ನಿಂತು ಹೊರಳಿ ನೋಡಿದಳು. ದನಿ ಕೊಟ್ಟಿಗೆಯದೇ, ಅಷ್ಟೇ ಮೆತ್ತಗೆ.

“ಆಲ್ ರೈಟ್, ಆಲ್ ರೈಟ್... ಏನಾಗಿಲ್ಲ. ನಡೀರಿ, ರೊಟ್ಟಿಗೆ ಬೆಣ್ಣಿ ಹಚ್ತೀನಿ.”

ಮೊದಲರ್ಧವನ್ನು ಎಮ್ಮೆಗೆ ಅಂದಳೋ ನನಗೆ ಅಂದಳೋ, ನಾನು ಕೇಳುವ ಧೈರ್ಯ ಮಾಡಲಿಲ್ಲ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಡೆದೆವು.